ಅಪ್ಪನ ಸೀಕೋ ಮತ್ತು ಕೆಂಪು ಡಯಲ್ಲು

ಇವತ್ತು ನನ್ನ ಕೈಯಲ್ಲಿರೋದು ಒಂದು ಹಳೇ ವಾಚು. ವಿಡಿಯೋ ನೋಡಿದವರಿಗೆ ಕಂಡಿರತ್ತೆ, ಓದ್ತಾ ಇರೋರಿಗೆ ಹೇಳಿಬಿಡ್ತೀನಿ: ಸ್ಟೀಲ್ ಚೈನು, ಟೊಮ್ಯಾಟೊ ಹಣ್ಣಿನ ಹಾಗೆ ಕೆಂಪಗಿರೋ ಡಯಲ್ಲು, ಕಿತ್ತಳೆ ಬಣ್ಣದ ಸೆಕೆಂಡಿನ ಮುಳ್ಳು. ಡಯಲ್ ಮೇಲೆ ಸೀಕೋ 5 ಅಂತ ಬರೆದಿದೆ. ಇದು ನಮ್ಮಪ್ಪನದು. ಅಪ್ಪ ಭದ್ರಾವತಿಯಿಂದ ಪುಣೆಗೆ ಬಂದಿದ್ದಾರೆ, ಎರಡು ಗಂಟೆ ಕೊಡಿ ಅಂತ ಕೇಳಿ ಇಸ್ಕೊಂಡಿದ್ದೀನಿ.

ಈ ಡಯಲ್ಲು ಮೊದಲು ಕೆಂಪಿರಲಿಲ್ಲ. ಬೆಳ್ಳಿ ಬಣ್ಣ ಇತ್ತು, ವರ್ಷಗಳು ಕಳೆದು ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಆರರ ಪಕ್ಕದಲ್ಲಿ ಒಂದು ಕಲೆ. ಅಪ್ಪ ಒಂದ್ಸಲ ಕೂಡಲಿಯಲ್ಲಿ ವಾಚು ಬಿಚ್ಚೋದು ಮರೆತು ನದಿಗಿಳಿದಿದ್ದರು, ಆಗ ಒಳಗೆ ನೀರು ಹೋಗಿ ಆದ ಕಲೆ ಅದು. ಆ ಕಲೆಯನ್ನ ಅಳಿಸಿಹಾಕಿದ್ದು ನಾನು. ಹೇಗೆ ಅಂತ ಮುಂದೆ ಹೇಳ್ತೀನಿ. ಅದಾದ ಮೇಲೆ ಆರು ವರ್ಷದಿಂದ ಹಳೇ ಜಪಾನಿ ವಾಚುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೀನಿ, ಒಂದಿಷ್ಟು ಕೊಂಡಿದೀನಿ, ಕೆಲವು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದೀನಿ.

ಕಥೆ ಶುರು ಮಾಡಬೇಕಾದ್ದು ಟೋಕಿಯೋದಿಂದ. ಕಿಂಟಾರೊ ಹಟ್ಟೋರಿ ಅಂತ ಒಬ್ಬರು, 1860ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ವಾಚಿನಂಗಡಿಗಳಲ್ಲಿ ಕೆಲಸಕ್ಕೆ ಸೇರಿ ರಿಪೇರಿ ಕಲಿತರು. 1881ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಸ್ವಂತ ಅಂಗಡಿ ಹಾಕಿದರು. ಆಗ ಜಪಾನಿನಲ್ಲಿ ವಾಚು ಅಂದ್ರೆ ಹೊರದೇಶದಿಂದ ಬರೋ ಮಾಲು. ಇವರು ಮಾರೋದು, ರಿಪೇರಿ ಮಾಡೋದು ಎರಡೂ ಮಾಡ್ತಿದ್ದರು. 1892ರಲ್ಲಿ ಸೀಕೋಶಾ ಅನ್ನೋ ಕಾರ್ಖಾನೆ ಶುರು ಮಾಡಿ ಗೋಡೆ ಗಡಿಯಾರ ತಯಾರಿಸಿದರು, 1895ರಲ್ಲಿ ಜೇಬಿನ ವಾಚು, 1913ರಲ್ಲಿ ಲಾರೆಲ್ ಅನ್ನೋ ಕೈಗಡಿಯಾರ. ಜಪಾನಿನಲ್ಲೇ ತಯಾರಾದ ಮೊದಲ ಕೈಗಡಿಯಾರ ಅದು.

ಆಮೇಲೆ 1923ರ ಸೆಪ್ಟೆಂಬರ್ 1. ಕಾಂಟೊ ಭೂಕಂಪ. ಟೋಕಿಯೋ, ಯೊಕೊಹಾಮಾ ಎರಡೂ ಹೊತ್ತಿ ಉರಿದವು. ಸೀಕೋಶಾ ಕಾರ್ಖಾನೆ ಸುಟ್ಟು ಬೂದಿ. ಆ ಬೂದಿಯಲ್ಲಿ ಕಂಪನಿಯ ಸ್ವತ್ತು ಮಾತ್ರ ಇರಲಿಲ್ಲ, ಗಿರಾಕಿಗಳು ರಿಪೇರಿಗೆ ಅಂತ ಕೊಟ್ಟು ಹೋಗಿದ್ದ ಸುಮಾರು 1,500 ವಾಚುಗಳೂ ಇದ್ದವು.

ಇಂಥ ಹೊತ್ತಲ್ಲಿ ಯಾರಾದರೂ ಏನು ಮಾಡ್ತಾರೆ? ನಾವು ಬರೆಯೋ ಎಗ್ರಿಮೆಂಟುಗಳಲ್ಲಿ 'ದೈವಕೃತ ವಿಪತ್ತು' ಅಂತ ಒಂದು ಕಲಮು ಇದ್ದೇ ಇರತ್ತೆ, ಅದನ್ನ ತೋರಿಸಿ ಕೈ ತೊಳ್ಕೋತೀವಿ. ಹಟ್ಟೋರಿಗೆ ಆಗ ಅರವತ್ತು ದಾಟಿತ್ತು, ಕಣ್ಣೆದುರಿಗೆ ಮೂವತ್ತು ವರ್ಷದ ದುಡಿಮೆ ಸುಟ್ಟುಹೋಗಿತ್ತು. ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು: ನಮ್ಮಲ್ಲಿ ರಿಪೇರಿಗೆ ಕೊಟ್ಟಿದ್ದವರು ಬನ್ನಿ, ಅದೇ ದರ್ಜೆಯ ಹೊಸ ವಾಚು ಪುಕ್ಕಟೆ ಕೊಡ್ತೀವಿ ಅಂತ. ಕೊಟ್ಟರು ಕೂಡ. 1924ರಲ್ಲಿ ಮತ್ತೆ ವಾಚು ಬಂತು. ಡಯಲ್ ಮೇಲೆ 'ಸೀಕೋ' ಅನ್ನೋ ಹೆಸರು ಕಾಣಿಸಿಕೊಂಡದ್ದು ಆಗಲೇ, ಆ ಬೆಂಕಿಯ ಮರುವರ್ಷ.

ಇದನ್ನ ಮೊದಲ ಸಲ ಓದಿದಾಗ ನನಗೆ ಒಳ್ಳೇ ಮಾರ್ಕೆಟಿಂಗ್ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅನ್ನಿಸಿದ್ದು ಬೇರೆ. ಆ 1,500 ಜನಕ್ಕೆ ಹೊಸ ವಾಚು ಸಿಕ್ಕಿತು. ಅಪ್ಪನದೋ ಅಜ್ಜನದೋ ವಾಚು ಕೊಟ್ಟಿದ್ದವರಿಗೆ ಅದು ವಾಪಸ್ ಸಿಗಲಿಲ್ಲ. ಹಟ್ಟೋರಿ ಕೈಲೂ ಅದು ಆಗೋ ಕೆಲಸ ಅಲ್ಲ.

ಸಿಟಿಜನ್ ಕಥೆ ಕೂಡ ಇದೇ ಕಾಲದ್ದು. 1918ರಲ್ಲಿ ಶೋಕೋಶಾ ಅನ್ನೋ ವಾಚು ಸಂಶೋಧನಾ ಸಂಸ್ಥೆಯಾಗಿ ಹುಟ್ಟಿಕೊಂಡಿತು. 1924ರಲ್ಲಿ ಅವರ ಮೊದಲ ಜೇಬಿನ ವಾಚು ಬಂತು. ಟೋಕಿಯೋ ಮೇಯರ್ ಆಗಿದ್ದ ಶಿಂಪೇ ಗೋಟೋ ಅದಕ್ಕೆ 'ಸಿಟಿಜನ್' ಅಂತ ಹೆಸರಿಟ್ಟರು. ವಾಚು ಸಾಮಾನ್ಯ ನಾಗರಿಕನ ಕೈಗೂ ಎಟುಕಲಿ ಅನ್ನೋದು ಆಸೆ. ಈ ಹೆಸರನ್ನ ನೆನಪಿಟ್ಕೊಳ್ಳಿ, ಬೆಂಗಳೂರಿಗೆ ಬಂದಾಗ ಬೇಕಾಗತ್ತೆ.

ಯುದ್ಧ ಮುಗಿದ ಮೇಲಿನ ಸೀಕೋ ಕಥೆ ನಮ್ಮ ಐಟಿಯವರಿಗೆ ಬಲು ಪರಿಚಿತ ಅನ್ನಿಸತ್ತೆ. ಒಂದೇ ಕಂಪನಿಯಲ್ಲಿ ಎರಡು ಟೀಮು, ಒಂದನ್ನ ಕಂಡರೆ ಇನ್ನೊಂದಕ್ಕೆ ಆಗದು. ಟೋಕಿಯೋದಲ್ಲಿ ದೈನಿ ಸೀಕೋಶಾ, ನಾಗಾನೋ ಬೆಟ್ಟಗಳ ನಡುವಿನ ಸುವಾ ಊರಲ್ಲಿ ಸುವಾ ಸೀಕೋಶಾ. ಮಾರೋ ಕಂಪನಿ ಒಂದೇ, ತಯಾರಿಸೋರು ಇಬ್ಬರು. 1956ರಲ್ಲಿ ಸುವಾದವರು ಮಾರ್ವೆಲ್ ಅಂತ ಒಂದು ವಾಚು ತಂದರು, ಸ್ವಿಸ್ ನಕಲು ಬಿಟ್ಟು ತಾವೇ ಮೊದಲಿಂದ ವಿನ್ಯಾಸ ಮಾಡಿದ್ದು. 1960ರಲ್ಲಿ ಅವರದೇ ಗ್ರ್ಯಾಂಡ್ ಸೀಕೋ. ದೈನಿಯವರು ಸುಮ್ನಿರ್ತಾರಾ? 1961ರಲ್ಲಿ ಕಿಂಗ್ ಸೀಕೋ. ಆ ಕಾಲದ ಎಷ್ಟೋ ವಾಚುಗಳ ಡಯಲ್ ಮೇಲೆ ಆರರ ಹತ್ತಿರ ಒಂದು ಸಣ್ಣ ಗುರುತು ಇರತ್ತೆ, ನೀರಿನ ಸುಳಿ ಥರ ಇದ್ದರೆ ಸುವಾ, ಮಿಂಚಿನ ಗೆರೆ ಥರ ಇದ್ದರೆ ದೈನಿ. ಅದು ಯಾವ ಟೀಮಿನದು ಅಂತ ಹೇಳೋ ಸಹಿ.

ಇಬ್ಬರೂ 1964ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವೀಕ್ಷಣಾಲಯದ ಸ್ಪರ್ಧೆಗೆ ಹೋದರು. ವಾಚು ಎಷ್ಟು ನಿಖರವಾಗಿ ಓಡತ್ತೆ ಅನ್ನೋ ಪರೀಕ್ಷೆ ಅದು. ಮೊದಲ ವರ್ಷ ಅವರ ಕೈಗಡಿಯಾರಕ್ಕೆ ಸಿಕ್ಕ ಅತ್ಯುತ್ತಮ ಸ್ಥಾನ 144. ಮೂರು ವರ್ಷ ಕಳೆದು 1967ರಲ್ಲಿ ಕಂಪನಿಗಳ ಸಾಲಿನಲ್ಲಿ ದೈನಿ ಎರಡನೇದು, ಸುವಾ ಮೂರನೇದು. ಮರುವರ್ಷ ಆ ಸ್ಪರ್ಧೆಯೇ ನಿಂತುಹೋಯಿತು. ಯಾಕೆ ನಿಂತಿತು ಅನ್ನೋ ಬಗ್ಗೆ ವಾಚಿನ ಹುಚ್ಚಿನವರು ರಾತ್ರಿಯಿಡೀ ಜಗಳ ಆಡಬಲ್ಲರು, ನಾನು ಆ ಜಗಳಕ್ಕೆ ಹೋಗಲ್ಲ.

ನನಗೆ ಇಷ್ಟವಾಗೋ ಕೆಲಸ ಇದಲ್ಲ. 1959ರಲ್ಲಿ ಸುವಾದಲ್ಲಿ ಮಾಡಿದ 'ಮ್ಯಾಜಿಕ್ ಲಿವರ್'. ಆಟೋಮ್ಯಾಟಿಕ್ ವಾಚಿನ ಒಳಗೆ ಅರ್ಧಚಂದ್ರಾಕಾರದ ಒಂದು ತೂಕ ಇರತ್ತೆ, ಕೈ ಆಡಿಸಿದ ಹಾಗೆ ಅದು ಎಡಕ್ಕೂ ಬಲಕ್ಕೂ ಸುತ್ತತ್ತೆ. ಆದರೆ ಸ್ಪ್ರಿಂಗ್ ಸುತ್ತಿಕೊಳ್ಳಬೇಕಾದ್ದು ಒಂದೇ ದಿಕ್ಕಿಗೆ. ಅದಕ್ಕೆ ಬೇರೆಯವರು ಸಾಲು ಸಾಲು ಗೇರು ಜೋಡಿಸ್ತಿದ್ದರು. ಇವರು ಎರಡು ಕೈ ಇರೋ ಒಂದು ಚಿಕ್ಕ ಇಕ್ಕಳದಂಥದ್ದು ಇಟ್ಟರು. ತೂಕ ಯಾವ ಕಡೆ ತಿರುಗಿದರೂ ಒಂದು ಕೈ ಚಕ್ರದ ಹಲ್ಲನ್ನ ಎಳೆಯತ್ತೆ, ಇನ್ನೊಂದು ತಳ್ಳತ್ತೆ, ಚಕ್ರ ಮಾತ್ರ ಒಂದೇ ದಿಕ್ಕಿಗೆ ಹೋಗತ್ತೆ. ಬಿಡಿಭಾಗ ಕಡಿಮೆ, ಕೆಡೋದು ಕಡಿಮೆ, ಬೆಲೆ ಕಡಿಮೆ. ಒಳ್ಳೇ ಕೋಡ್ ನೋಡಿದಾಗ 'ಇಷ್ಟೇನಾ!' ಅನ್ನಿಸತ್ತಲ್ಲ, ಆ ಥರ. 1963ರಲ್ಲಿ ಇದನ್ನೇ ಇಟ್ಟುಕೊಂಡು ಸ್ಪೋರ್ಟ್ಸ್‌ಮ್ಯಾಟಿಕ್ 5 ಬಂತು, ಸೀಕೋ 5 ಮನೆತನದ ಮೊದಲನೇದು. ಕೀ ಕೊಡೋ ಅಗತ್ಯ ಇಲ್ಲ, ಅದಕ್ಕೇ ಕೀಯನ್ನ ನಾಲ್ಕರ ಹತ್ತಿರ ಅರ್ಧ ಹುದುಗಿಸಿಟ್ಟರು. ಅಪ್ಪನ ವಾಚಿಗೂ ಹೊರಗಿಂದ ಕೀ ಕೊಡೋಕೆ ಬರಲ್ಲ. ಭಾನುವಾರ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ಥರ್ಮಾಮೀಟರ್ ಕೊಡವಿದ ಹಾಗೆ ನಾಲ್ಕು ಸಲ ಅಲ್ಲಾಡಿಸಿ ಕಟ್ಟಿಕೊಂಡು ಸ್ಕೂಲಿಗೆ ಹೊರಡ್ತಿದ್ದರು.

1969ರ ಡಿಸೆಂಬರ್ 25ಕ್ಕೆ ಸುವಾದವರೇ ತಮ್ಮ ಇಷ್ಟೂ ಕೆಲಸಕ್ಕೆ ತಾವೇ ಕಲ್ಲು ಹಾಕಿಕೊಂಡರು. ಕ್ವಾರ್ಟ್ಜ್ ಆಸ್ಟ್ರಾನ್ ಬಂತು. ಬೆಲೆ 4,50,000 ಯೆನ್, ಆಗಿನ ಒಂದು ಟೊಯೊಟಾ ಕೊರೊಲಾ ಕಾರಿನಷ್ಟು. ಒಳಗೆ ಸೆಕೆಂಡಿಗೆ 8,192 ಸಲ ಕಂಪಿಸೋ ಸ್ಫಟಿಕ. ಯಾಕೆ 8,192 ಅಂತ ನಿಮಗೆ ಹೇಳೋದು ಬೇಡ ಬಿಡಿ, ಹದಿಮೂರು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯತ್ತೆ. ತಿಂಗಳಿಗೆ ಐದು ಸೆಕೆಂಡ್ ಆಚೀಚೆ, ಅಷ್ಟೇ. ಮುಂದಿನ ಹದಿನೈದು ವರ್ಷದಲ್ಲಿ ಸ್ವಿಸ್ ಊರುಗಳಲ್ಲಿ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿದವು.

ಇನ್ನು ನಮ್ಮ ಕಡೆಗೆ ಬರೋಣ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದು ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನಮ್ಮ ತಾತಂದಿರು ಬೆಳಿಗ್ಗೆ ಎದ್ದು ಕೀ ಕೊಡ್ತಿದ್ದ ಎಚ್‌ಎಂಟಿ ಜನತಾ ಇದೆಯಲ್ಲ, ಅದರ ಯಂತ್ರದ ಮೂಲ ವಿನ್ಯಾಸ ಸಿಟಿಜನ್‌ದು. ಸಿಟಿಜನ್ ಅಂದ್ರೆ ನಾಗರಿಕ, ಇಲ್ಲಿ ಬಂದು 'ಜನತಾ' ಆಯ್ತು. ಟೋಕಿಯೋ ಮೇಯರ್ ಅಂದುಕೊಂಡದ್ದು ಜಾಲಹಳ್ಳಿಯಲ್ಲಿ ನಿಜವಾಯಿತು ಅಂತ ನನಗೆ ನಾನೇ ಹೇಳ್ಕೊಂಡು ಖುಷಿಪಡ್ತೀನಿ. ಹೈದರಾಬಾದಿನಲ್ಲಿರೋರು ಆಲ್ವಿನ್ ವಾಚು ಕೇಳಿರಬಹುದು, ಅದು 1980ರ ದಶಕದಲ್ಲಿ ಸೀಕೋ ಸಹಯೋಗದಲ್ಲಿ ಬಂದದ್ದು. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಅಪ್ಪನಿಗೂ ಕೆಲಸ ಸಿಕ್ಕಾಗ ಕೊಂಡ ಜನತಾ ಇತ್ತು. 1985ರಲ್ಲಿ ಮದುವೆ ಆದಾಗ ನಮ್ಮ ಮಾವ, ಅಂದ್ರೆ ಅಮ್ಮನ ಅಣ್ಣ, ಕುವೈತಿನಿಂದ ಬರ್ತಾ ಭಾವನಿಗೆ ಅಂತ ಸೀಕೋ 5 ತಂದುಕೊಟ್ಟರು. ಮಾವ ಫಿಟ್ಟರ್ ಆಗಿ ಹೋಗಿದ್ದವರು. ಆಗ ಹೊರದೇಶದ ವಾಚು ಅಂಗಡಿಗೆ ಹೋಗಿ ಕೊಳ್ಳೋ ಮಾಲಲ್ಲ. ಒಂದೋ ಗಲ್ಫಿನಿಂದ ಬಂದವರ ಕೈಯಲ್ಲಿ ಬರಬೇಕು, ಇಲ್ಲಾ ಕಳ್ಳಸಾಗಣೆ. ಜನತಾ ಚಿಕ್ಕಪ್ಪನ ಕೈಗೆ ಹೋಯಿತು, ಸೀಕೋ ಅಪ್ಪನ ಕೈಗೆ ಬಂತು, ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ ಇತ್ತು.

ಮಾವ ತೀರಿಕೊಂಡ ವರ್ಷ ವಾಚು ನಿಂತಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎಣ್ಣೆ ಒಣಗಿತ್ತು ಅಷ್ಟೇ. 'ಪುಣೆಯಲ್ಲಿ ಒಳ್ಳೇ ರಿಪೇರಿಯವರು ಸಿಗ್ತಾರೆ, ಕೊಡಿ' ಅಂತ ನಾನೇ ತಂದೆ. ಹಳೇ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅವರು 'ಡಯಲ್ಲು ಹಾಳಾಗಿದೆ ಸಾಬ್, ಏನು ಮಾಡೋದು' ಅಂತ ಕೇಳಿದರು. ಮೀಟಿಂಗಿಗೆ ಹೊತ್ತಾಗಿತ್ತು, ಒಂದು ಕಿವಿಯಲ್ಲಿ ಕಾಲ್ ನಡೀತಿತ್ತು. 'ಹೊಸದರ ಥರ ಮಾಡಿಕೊಡಿ' ಅಂದುಬಿಟ್ಟೆ. ಹದಿನೈದು ದಿನ ಬಿಟ್ಟು ಹೋದರೆ ಈ ಕೆಂಪು. ಅವರಿಗೆ ತಾವು ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಬೇರೆ. ಬೈಯೋಕೆ ಬಾಯಿ ಬರಲಿಲ್ಲ, ಹೇಳಿದ್ದು ನಾನೇ ತಾನೇ.

ಊರಿಗೆ ತಗೊಂಡು ಹೋಗಿ ಕೊಟ್ಟಾಗ ಅಪ್ಪ ಕನ್ನಡಕ ಹಾಕ್ಕೊಂಡು ನೋಡಿದರು. 'ಇದು ಯಾರದ್ದೋ?' ಅಂದ್ರು.

ಆ ಒಂದು ಮಾತಿಗೆ ಉತ್ತರ ಹುಡುಕೋಕೆ ಹೋಗಿಯೇ ನಾನು ಈ ಲೋಕಕ್ಕೆ ಬಿದ್ದದ್ದು. ಇದು ಅಪ್ಪನ ವಾಚೇ ಹೌದಾ, ಅಥವಾ ಅಂಗಡಿಯಲ್ಲಿ ಅದಲುಬದಲಾಯ್ತಾ? ಉತ್ತರ ಹಿಂದಿನ ಮುಚ್ಚಳದ ಮೇಲಿತ್ತು. ಹಳೇ ಸೀಕೋ ಮುಚ್ಚಳದ ಮೇಲೆ ಎರಡು ಸಂಖ್ಯೆ ಕೆತ್ತಿರ್ತಾರೆ. ಒಂದರಲ್ಲಿ ಮೊದಲ ನಾಲ್ಕು ಅಂಕೆ ಯಂತ್ರದ್ದು, ಅಡ್ಡಗೆರೆಯ ಆಮೇಲಿನ ನಾಲ್ಕು ಹೊರಕವಚದ್ದು. ಅಪ್ಪನದು 7009. ಇನ್ನೊಂದು ಆರು ಸ್ಥಾನದ ಕ್ರಮಸಂಖ್ಯೆ, ಅದರ ಮೊದಲನೇದು ವರ್ಷ, ಎರಡನೇದು ತಿಂಗಳು. ಒಂಬತ್ತರವರೆಗೆ ಅಂಕೆ, ಆಮೇಲೆ ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ವರ್ಷಕ್ಕೆ ಒಂದೇ ಅಂಕೆ! ವರ್ಷಕ್ಕೆ ಎರಡಂಕೆ ಇಟ್ಟದ್ದಕ್ಕೇ ವೈ-ಟೂ-ಕೆ ಆಗಿ ನಮ್ಮ ಸೀನಿಯರ್‌ಗಳಿಗೆಲ್ಲ ಅಮೆರಿಕಾ ವೀಸಾ ಸಿಕ್ಕಿತು, ಇವರು ಒಂದಕ್ಕೇ ನಿಲ್ಲಿಸಿದ್ದಾರೆ. ಅಪ್ಪನದರಲ್ಲಿ 4, ಆಮೇಲೆ ಡಿ. 1974 ಆಗಬಹುದು, 1984 ಆಗಬಹುದು. ಆದರೆ 7009 ಯಂತ್ರ ಬಂದದ್ದೇ 70ರ ದಶಕದ ಕೊನೆಯ ಹೊತ್ತಿಗೆ. ಹಾಗಾಗಿ 1984ರ ಡಿಸೆಂಬರ್. ಮದುವೆಗೆ ಐದು ತಿಂಗಳ ಹಿಂದಿನದು. ಅಮ್ಮನ ಹತ್ತಿರ ಇದ್ದ ಗ್ಯಾರಂಟಿ ಕಾರ್ಡಿನಲ್ಲೂ ಅದೇ ಸಂಖ್ಯೆ. ವಾಚು ನಮ್ಮದೇ.

ಹಳೇ ಸೀಕೋ ಕೊಳ್ಳೋ ಯೋಚನೆ ಇರೋರು ಇದನ್ನ ಅಭ್ಯಾಸ ಮಾಡ್ಕೊಳ್ಳಿ: ಡಯಲ್ ನೋಡಿ ಮರುಳಾಗೋಕೆ ಮೊದಲು ಮುಚ್ಚಳ ನೋಡಿ. ಮುಚ್ಚಳದ ಫೋಟೋ ಕಳಿಸದೇ ಇರೋರ ಹತ್ತಿರ ವ್ಯವಹಾರ ಬೇಡ. ಆಮೇಲೆ ಡಯಲ್ಲಿನ ತೀರಾ ಕೆಳಗೆ, ಆರರ ಅಡಿಯಲ್ಲಿ, ಭೂತಗನ್ನಡಿ ಹಿಡಿದರೆ ಕಾಣೋವಷ್ಟು ಸಣ್ಣ ಅಕ್ಷರದಲ್ಲಿ ಜಪಾನ್ ಅಂತಲೂ ಒಂದು ಸಂಖ್ಯೆಯೂ ಇರತ್ತೆ. ಅದು ಯಂತ್ರದ ಸಂಖ್ಯೆಗೆ ತಾಳೆ ಆಗಬೇಕು. ಮತ್ತೆ ಬಣ್ಣ ಹೊಡೆದವರು ಸಾಮಾನ್ಯವಾಗಿ ಎಡವೋದು ಅಲ್ಲೇ. ಆ ಸಾಲೇ ಇರಲ್ಲ, ಇದ್ದರೆ ದಪ್ಪಗಿರತ್ತೆ. ನಿಮಿಷದ ಗೆರೆಗಳೂ ಅಂತರ ತಪ್ಪಿರ್ತವೆ. ನಲವತ್ತು ವರ್ಷದ ವಾಚು ಹಸಿರು, ಕೆಂಪು, ನವಿಲು ನೀಲಿ ಬಣ್ಣದಲ್ಲಿ ಫಳಫಳ ಹೊಳೀತಿದ್ದರೆ, ಬೆಲೆಯೂ ಸಿನಿಮಾ ಟಿಕೆಟ್ಟು ಪಾಪ್‌ಕಾರ್ನ್ ಸೇರಿದಷ್ಟೇ ಇದ್ದರೆ, ಅರ್ಥ ಮಾಡ್ಕೊಳ್ಳಿ. ಹೊರದೇಶದ ಸಂಗ್ರಹಕಾರರು ಇದಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟು ನಗ್ತಾರೆ.

ಆ ನಗು ನನಗೆ ಪೂರ್ತಿ ಹಿಡಿಸಲ್ಲ. ಮುಂಬೈ ಚೋರ್ ಬಜಾರಿನಲ್ಲಿ, ಇಲ್ಲಿ ಪುಣೆಯ ಜೂನಾ ಬಜಾರಿನಲ್ಲಿ ಸುತ್ತಾಡಿ ನೋಡಿದೀನಿ. ಆಮದಿಗೆ ನಿರ್ಬಂಧ ಇದ್ದ ದೇಶ, ಬಿಡಿಭಾಗ ಸಿಗಲ್ಲ, ಸೆಕೆ, ಬೆವರು, ಮಳೆ. ಡಯಲ್ಲು ತುಕ್ಕು ಹಿಡಿದರೆ ಕೆರೆದು ಬಣ್ಣ ಹೊಡೆದು ಅಚ್ಚು ಹಾಕೋದು ಬಿಟ್ಟು ಬೇರೆ ದಾರಿ ಏನಿತ್ತು? ಮೂರು ಕೆಟ್ಟ ವಾಚು ಸೇರಿಸಿ ಒಂದು ಓಡೋ ವಾಚು ಮಾಡೋ ಕೈಚಳಕ ಸಣ್ಣದಲ್ಲ. ತಪ್ಪಿರೋದು ಅದನ್ನ 'ಒರಿಜಿನಲ್, ಎಪ್ಪತ್ತರ ದಶಕದ್ದು' ಅಂತ ಮಾರೋದರಲ್ಲಿ. ಜಪಾನಿನ ಹರಾಜು ಸೈಟುಗಳಲ್ಲಿ ಇದರ ಉಲ್ಟಾ. ಖಾತ್ರಿ ಕೊಡೋಕೆ ಆಗದ ವಾಚಿಗೆ ಅವರು ಸೀದಾ 'ಜಂಕ್' ಅಂತ ಬರೆದುಬಿಡ್ತಾರೆ. ನಾನು ಜಂಕ್ ಅಂತ ಕೊಂಡ 1968ರ ಕಿಂಗ್ ಸೀಕೋ ಒಂದು ಚೂರು ಎಣ್ಣೆ ಬಿಟ್ಟ ಮೇಲೆ ಇವತ್ತಿಗೂ ಓಡ್ತಿದೆ. ಹಾಗಂತ ಮೈಮರೀಬೇಡಿ, ಮಧ್ಯವರ್ತಿ ಕಮಿಷನ್ನು, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ವಾಚಿನ ಬೆಲೆಗಿಂತ ಅದನ್ನ ಮನೆಗೆ ತರೋ ಖರ್ಚೇ ಹೆಚ್ಚಾಯಿತು.

ಅಪ್ಪನ ವಾಚಿಗೆ ಸರಿಹೊಂದೋ ಡಯಲ್ಲಿಗಾಗಿ ನಾಲ್ಕು ವರ್ಷ ಹುಡುಕಿದೆ. ಜೂನಾ ಬಜಾರಿನಲ್ಲಿ ಸಿಕ್ಕ ಒಂದು 7009 ಮನೆಗೆ ತಂದು ಭೂತಗನ್ನಡಿ ಹಿಡಿದರೆ ಅದೂ ಬಣ್ಣ ಹೊಡೆದದ್ದು. ಚೆನ್ನೈನಿಂದ ತರಿಸಿದ್ದು ಮುಚ್ಚಳ ಒಂದು ವಾಚಿನದು, ಒಳಗಿನ ಯಂತ್ರ ಇನ್ನೊಂದರದು. ಕೊನೆಗೆ ಕಳೆದ ವರ್ಷ ಒಂದು ಸಿಕ್ಕಿತು. ಬೆಳ್ಳಿ ಬಣ್ಣ, ಸಂಖ್ಯೆ ತಾಳೆ ಆಗತ್ತೆ, ಅದೇ ತಿಳಿ ಚಹಾದ ಬಣ್ಣಕ್ಕೆ ತಿರುಗಿದೆ. ಕಲೆ ಮಾತ್ರ ಇಲ್ಲ. ಅಪ್ಪನಿಗೆ ತೋರಿಸಿ, 'ಹಾಕಿಸಲಾ?' ಅಂದೆ. ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. 'ಇದೂ ಇನ್ಯಾರದ್ದೋ ತಾನೇ? ಇರಲಿ ಬಿಡು. ಕೆಂಪಲ್ಲಿ ಮುಳ್ಳು ಚೆನ್ನಾಗಿ ಕಾಣತ್ತೆ, ನನ್ನ ಕಣ್ಣಿಗೆ ಇದೇ ವಾಸಿ.' ಆ ಡಯಲ್ಲು ನನ್ನ ಡ್ರಾಯರಿನಲ್ಲೇ ಇದೆ.

ಇನ್ನು ಹೇಳೋದು ವಿಡಿಯೋದಲ್ಲಿಲ್ಲ, ರೆಕಾರ್ಡಿಂಗ್ ಮುಗಿದ ಮೇಲೆ ನಡೆದದ್ದು. ಎರಡು ಗಂಟೆಗೆ ಅಂತ ಇಸ್ಕೊಂಡ ವಾಚು ರಾತ್ರಿವರೆಗೂ ನನ್ನ ಮೇಜಿನ ಮೇಲೇ ಇತ್ತು. ಈ ಬರಹ ತಿದ್ದುತ್ತಾ ಕೂತಿದ್ದೆ. ಹನ್ನೆರಡು ದಾಟಿತ್ತು. ವಾಚಿನ ಕಡೆ ನೋಡಿದರೆ ಮೂರರ ಹತ್ತಿರದ ಕಿಟಕಿಯಲ್ಲಿ ತಾರೀಕಿನ ಪಕ್ಕ ವಾರದ ಹೆಸರು ಅರೇಬಿಕ್ ಲಿಪಿಯಲ್ಲಿದೆ. ಗಲ್ಫಿನ ಮಾರುಕಟ್ಟೆಗೆ ಅಂತ ಮಾಡಿದ ಸೀಕೋಗಳ ವಾರದ ಬಿಲ್ಲೆಯಲ್ಲಿ ಇಂಗ್ಲಿಷ್ ಒಂದು, ಅರೇಬಿಕ್ ಒಂದು ಅಂತ ಒಂದಾದ ಮೇಲೊಂದು ಅಚ್ಚು ಹಾಕಿರ್ತಾರೆ. ಇಂಗ್ಲಿಷಿಗೆ ಇಟ್ಟಿದ್ದರೂ ರಾತ್ರಿ ವಾರ ಬದಲಾಗೋವಾಗ ನಡುವಿನ ಅರೇಬಿಕ್ ದಾಟಿಯೇ ಮುಂದೆ ಹೋಗಬೇಕು. ಚಿಕ್ಕವನಿದ್ದಾಗ ನಾನು ಕೀ ಜೊತೆ ಆಡಿ ಅದನ್ನ ಅರೇಬಿಕ್‌ಗೆ ತಿರುಗಿಸಿ ಪೆಟ್ಟು ತಿಂದಿದ್ದೆ. ಬಣ್ಣ ಹೊಡೆದವರು ಮುಟ್ಟಿದ್ದು ಡಯಲ್ಲು ಮಾತ್ರ. ಅದರ ಹಿಂದಿನ ಈ ಬಿಲ್ಲೆ ಮಾವ ತಂದದ್ದೇ.

ನೀರು ಕುಡಿಯೋಕೆ ಎದ್ದ ಅಪ್ಪ ಬಾಗಿಲ ಹತ್ತಿರ ನಿಂತರು. 'ಅಪ್ಪ, ಇಲ್ಲಿ ನೋಡಿ' ಅಂತ ವಾಚು ತೋರಿಸಿದೆ.

'ಅದು ದಿನಾ ಈ ಹೊತ್ತಿಗೆ ಕುವೈತಿಗೆ ಹೋಗತ್ತೆ' ಅಂದ್ರು ಅಪ್ಪ. 'ಇನ್ನೊಂದು ಗಂಟೆಗೆ ವಾಪಸ್ ಬರತ್ತೆ. ಲೈಟ್ ಆರಿಸಿ ಮಲಕ್ಕೋ.'